ಬೇಲಿ ಬಿಗಿದ ದಿನ

ಇವತ್ತಿಡೀ ಮೇಕೆ ಮೇಯುವ ಜಾಗಕ್ಕೆ ಸೋಲಾರ್ ಬೇಲಿ ಎಳೆದಿದ್ದೇ ಕೆಲಸ. ಮೂಲೆಗೂಟ ಅಲ್ಲಾಡಿದರೆ ಎಷ್ಟು ಬಿಗಿದರೂ ತಂತಿ ಜೋತು ಬೀಳುತ್ತೆ; ಅದಕ್ಕೇ ಮೊದಲು ಓರೆ ಆಸರೆ ಕೊಟ್ಟೆವು. ಬಿಗಿಯುವ ರಾಟೆಯನ್ನು ಒಂದೊಂದೇ ಹಲ್ಲು ತಿರುಗಿಸುತ್ತಾ ಹೋದಂತೆ, ಮೀಟಿದರೆ ತಂತಿ ‘ಟಣ್’ ಅಂತು. ಆ ಸದ್ದು ಕೇಳಿ ಸುಸ್ತೆಲ್ಲ ಹೋಯ್ತು.

ಈ ಬೇಲಿಯ ತಂತಿಯಲ್ಲಿ ಹರಿಯುವ ಕರೆಂಟು ಸಾವಿರಾರು ವೋಲ್ಟ್ ಇದ್ದರೂ, ಸೆಕೆಂಡಿಗೊಮ್ಮೆ ಬರುವ, ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದ ಮಿಡಿತ ಅದು. ಪ್ರಾಣಿ ಬೆಚ್ಚುತ್ತೆ, ಅಷ್ಟೆ. ಮನೆ ಕರೆಂಟನ್ನೇ ನೇರವಾಗಿ ಬೇಲಿಗೆ ಕೊಟ್ಟು ಆನೆಗಳು, ಮನುಷ್ಯರೂ ಸತ್ತ ಸುದ್ದಿ ಓದಿದಾಗಲೆಲ್ಲ ಕರುಳು ಚುರುಕ್ ಅನ್ನುತ್ತೆ. ಯಾರೂ ಹಾಗೆ ಮಾಡಬೇಡಿ.

ಸಂಜೆ ಕಪ್ಪು ಮರಿ ಮೂಗು ತಾಗಿಸಿ, ಹಿಂದಕ್ಕೆ ಜಿಗಿದು, ತಾಯಿಯ ಹೊಟ್ಟೆಯಡಿ ನುಗ್ಗಿತು. ನಾಳೆ ಕೆಳತಂತಿಗೆ ತಾಗುವ ಹುಲ್ಲು ಸವರಬೇಕು.