ಹೆವಿ ಲೈಸೆನ್ಸಿಗಾಗಿ ಮೂರು ಶಾಲೆಗಳ ಬಾಗಿಲು ತಟ್ಟಿದ್ದು

ದಾವಣಗೆರೆಯ ಎಪಿಎಂಸಿಯಿಂದ ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ದಿನಸಿ ಸಾಗಿಸುತ್ತ ಆರು ವರ್ಷ ಟಾಟಾ ಏಸ್ ಓಡಿಸಿದ ನನಗೆ ಲಾರಿಯ ಆಸೆ ಹುಟ್ಟಿದ್ದು ಬಾಡಿಗೆಯ ಲೆಕ್ಕದಿಂದಲೇ ಹೊರತು ಬೇರೆ ಮೋಹದಿಂದಲ್ಲ. ಏಸ್‌ಗೆ ನನ್ನ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸೇ ಸಾಕಾಗಿತ್ತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಲೈಸೆನ್ಸಿನಲ್ಲಿ ಪ್ರತ್ಯೇಕ ಟ್ರಾನ್ಸ್‌ಪೋರ್ಟ್ (ಬಾಡಿಗೆ ವಾಹನ) ನಮೂದು ಬೇಕಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟ ಮೇಲೆ ಆ ಬಗ್ಗೆ ಉಳಿದಿದ್ದ ಅಳುಕೂ ಹೋಯಿತು. ಆದರೆ ಅದಕ್ಕಿಂತ ದೊಡ್ಡ ಗಾಡಿಯ ಸ್ಟೇರಿಂಗ್ ಹಿಡಿಯಲು ಇಪ್ಪತ್ತು ವರ್ಷ ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು, ವೈದ್ಯರಿಂದ ಫಾರಂ 1ಎ, ಅಂದರೆ ಆರೋಗ್ಯದ ಸರ್ಟಿಫಿಕೇಟ್ ತರಬೇಕು ಮತ್ತು ಪರವಾನಗಿ ಹೊಂದಿದ ಡ್ರೈವಿಂಗ್ ಶಾಲೆಯೊಂದು ‘ಇವರು ನಮ್ಮಲ್ಲಿ ಕಲಿತಿದ್ದಾರೆ’ ಎಂದು ಫಾರಂ 5ರಲ್ಲಿ ಬರೆದುಕೊಡಬೇಕು. ಮೊದಲಿನ ಮೂರು ನನ್ನ ಬಳಿ ಇದ್ದವು. ನಾಲ್ಕನೆಯದಕ್ಕೆ ಅಲೆದಾಡಿದ ಕಥೆ ಇದು.

ಮೊದಲು ಹೋದ ಶಾಲೆಯಲ್ಲಿ ನನ್ನನ್ನು ತುಂಬ ಗೌರವದಿಂದ ಕೂರಿಸಿ ಟೀ ತರಿಸಿದರು. ‘ನೀವು ಆಗಲೇ ಗಾಡಿ ಓಡಿಸುವವರು, ದಿನಾ ಬರುವುದೇನೂ ಬೇಡ, ಟೆಸ್ಟ್ ದಿನ ಬಂದರೆ ಸಾಕು’ ಎಂದಾಗ ನನಗೆ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳಬೇಕು, ಏಕೆಂದರೆ ಒಂದು ದಿನ ಗಾಡಿ ನಿಂತರೆ ಒಂದು ದಿನದ ಸಂಪಾದನೆ ಖೋತಾ. ಮೂರು ಸಾವಿರ ಮುಂಗಡ ಕೊಟ್ಟು ಬಂದೆ. ಅಂದು ಸಂಜೆ, ಮೂವತ್ತು ವರ್ಷ ಲಾರಿ ಓಡಿಸಿರುವ ಅಪ್ಪನ ಗೆಳೆಯರೊಬ್ಬರಿಗೆ (ನಾನು ಅವರನ್ನು ಮಾವ ಎಂದೇ ಕರೆಯುವುದು) ವಿಷಯ ಹೇಳಿದೆ. ಅವರು ಎಲೆಅಡಿಕೆ ಉಗಿದು ಬಂದು, ‘ಅಲ್ಲೋ, ಲೈಸೆನ್ಸ್ ಅವರು ಕೊಡಿಸ್ತಾರೆ, ಇಳಿಜಾರಿನಾಗ ಬ್ರೇಕ್ ಯಾರು ಹೊಡೀತಾರ?’ ಎಂದು ಕೇಳಿದರು. ಆ ಮುಂಗಡ ಇಂದಿನವರೆಗೂ ವಾಪಸ್ ಬಂದಿಲ್ಲ.

ಎರಡನೆಯ ಶಾಲೆಗೆ ಹೋಗುವ ಮುನ್ನ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಓದಿಕೊಂಡೆ. ಟ್ರಾನ್ಸ್‌ಪೋರ್ಟ್ ವಾಹನದ ತರಬೇತಿ ಕನಿಷ್ಠ ಮೂವತ್ತು ದಿನ ನಡೆಯಬೇಕು, ಕಲಿಯುವವನು ಕನಿಷ್ಠ ಹದಿನೈದು ಗಂಟೆ ತಾನೇ ಗಾಡಿ ಓಡಿಸಿರಬೇಕು ಎಂದು ಅಲ್ಲಿದೆ. ಎಂದರೆ ದಿನಕ್ಕೆ ಅರ್ಧ ಗಂಟೆ. ಈ ಅರ್ಧ ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕಚೇರಿಗೆ ಹೋಗುವ ಬದಲು ಬೆಳಗ್ಗೆ ಆರಕ್ಕೆ ಅವರ ಮೈದಾನದ ಎದುರಿನ ಟೀ ಅಂಗಡಿಯಲ್ಲಿ ಕುಳಿತೆ. ಒಂದು ಲಾರಿ, ಆರು ಹುಡುಗರು, ಒಂದು ಗಂಟೆಯ ಪಾಳಿ. ಸೀಟಿನಲ್ಲಿ ಒಬ್ಬನಿದ್ದರೆ ಉಳಿದ ಐವರು ಹಿಂದೆ ನಿಂತು ಮೊಬೈಲ್ ನೋಡುತ್ತಿದ್ದರು. ಪ್ರತಿಯೊಬ್ಬನ ಪಾಲಿಗೆ ಹತ್ತು ನಿಮಿಷ. ಒಂದು ದಿನವೂ ತಪ್ಪದೆ ತಿಂಗಳು ಪೂರ್ತಿ ಬಂದರೂ ಐದು ಗಂಟೆ. ಆಮೇಲೆ ಒಳಗೆ ಹೋಗಿ ಫಾರಂ 15, ಅಂದರೆ ಯಾರು ಯಾವ ದಿನ ಎಷ್ಟು ಹೊತ್ತು ಓಡಿಸಿದರೆಂದು ಬರೆದಿಡಬೇಕಾದ ರಿಜಿಸ್ಟರ್ ತೋರಿಸಿ ಎಂದು ಕೇಳಿದಾಗ, ಆಡಿಟರ್ ಹತ್ತಿರ ಇದೆ ಎಂಬ ಉತ್ತರ ಬಂತು. ಹೊಸ ನಿಯಮದ ಪ್ರಕಾರ ಶಾಲೆಯವರೇ ಸರ್ಟಿಫಿಕೇಟ್ ಕೊಟ್ಟರೆ ಆರ್‌ಟಿಒ ಟೆಸ್ಟೇ ಇಲ್ಲ ಎಂದೂ ಹೇಳಿದರು. ಆ ವಿನಾಯಿತಿ ಇರುವುದು 2021ರ ಜುಲೈಯಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗೆ ಮಾತ್ರ. ಬಯಲು ಸೀಮೆಯಲ್ಲಿ ಅಂಥ ಕೇಂದ್ರಕ್ಕೆ ಎರಡು ಎಕರೆ ಜಾಗ, ಟ್ರ್ಯಾಕ್, ಸಿಮ್ಯುಲೇಟರ್ ಇರಬೇಕು, ಭಾರಿ ವಾಹನದ ತರಬೇತಿ 38 ಗಂಟೆಯದಾಗಿರಬೇಕು. ಬಾಡಿಗೆ ಕೊಠಡಿಯಲ್ಲಿ ನಡೆಯುವ ಶಾಲೆಯ ಫಾರಂ 5ಕ್ಕೆ ಆ ಬೆಲೆ ಬರುವುದಿಲ್ಲ.

ಮೂರನೆಯದು ಹರಿಹರದ ದಾರಿಯಲ್ಲಿತ್ತು. ಶೀಟಿನ ಮನೆ, ಆರು ಚಕ್ರದ ಬಣ್ಣ ಮಾಸಿದ ಟಾಟಾ ಲಾರಿ. ಆದರೆ ಪರವಾನಗಿಯ ಮೂಲ ಪ್ರತಿ ಗೋಡೆಯ ಮೇಲಿತ್ತು, ಎಡಗಡೆ ಸೀಟಿನ ಕೆಳಗೂ ಕ್ಲಚ್ಚು ಬ್ರೇಕುಗಳಿದ್ದವು, ಕಲಿಸುವವರು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದಿದ್ದವರು. ರಿಜಿಸ್ಟರ್ ಕೇಳಿದೆ, ಗ್ರೀಸಿನ ಬೆರಳಚ್ಚುಗಳ ಸಮೇತ ಮೇಜಿನ ಮೇಲೆ ಬಂತು. ಆ ಬೆರಳಚ್ಚುಗಳನ್ನು ನೋಡಿಯೇ ನನಗೆ ಅರ್ಧ ನಂಬಿಕೆ ಬಂದಿತ್ತು.

ಉಳಿದರ್ಧ ಬಂದದ್ದು ಒಂದು ಪ್ಲಾಸ್ಟಿಕ್ ಸ್ಟೂಲಿನಿಂದ. ಮೇಷ್ಟ್ರು ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿ, ಟೀ ಅಂಗಡಿಯ ಸ್ಟೂಲೊಂದನ್ನು ಲಾರಿಯ ಎಡ ಮುಂಭಾಗದ ಮೂಲೆಗೆ ತಂದಿಟ್ಟು, ಕಾಣಿಸುತ್ತದೆಯೇ ಎಂದು ಕೂಗಿದರು. ಕಾಣಿಸಲಿಲ್ಲ. ಕನ್ನಡಿಯಲ್ಲೂ ಇಲ್ಲ, ಗಾಜಿನಲ್ಲೂ ಇಲ್ಲ, ಕತ್ತು ಚಾಚಿದರೂ ಇಲ್ಲ. ಅದರ ಮೇಲೆ ಅಂಗಡಿಯ ಹುಡುಗನನ್ನು ಕೂರಿಸಿದರು. ಅವನ ತಲೆಗೂದಲು ಮಾತ್ರ ಕಂಡಿತು. ಆರು ವರ್ಷ ಏಸ್‌ನಲ್ಲಿ ಕುಳಿತು ರಸ್ತೆಯೆಲ್ಲ ನನಗೆ ಕಾಣುತ್ತದೆಂದು ನಂಬಿದ್ದವನ ಬೆನ್ನಿನಲ್ಲಿ ಆಗ ಬೆವರಿಳಿಯಿತು. ಲಾರಿಯ ಬ್ರೇಕ್ ಹಿಡಿಯುವುದು ಟ್ಯಾಂಕಿನಲ್ಲಿ ತುಂಬಿದ ಹವಾದ ಒತ್ತಡದಿಂದ. ಆಮೇಲೆ ಎಂಜಿನ್ ಆರಿಸಿ ಬ್ರೇಕ್ ಪೆಡಲನ್ನು ಮೇಲಿಂದ ಮೇಲೆ ತುಳಿಯಲು ಹೇಳಿದರು. ಒಂದೊಂದು ತುಳಿತಕ್ಕೂ ಹವಾ ಮೀಟರಿನ ಮುಳ್ಳು ಇಳಿಯುತ್ತ ಬಂದು, ಕೊನೆಗೆ ಬಜರ್ ಕಿರುಚಿತು. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿ ಗಾಡಿ ಬಿಡದೆ ಬರೀ ಬ್ರೇಕ್ ತುಳಿಯುತ್ತ ಬಂದರೆ ಬ್ರೇಕಿನ ಲೈನರ್ ಕಾಯ್ದು ಹಿಡಿತ ಹೋಗುವುದಲ್ಲದೆ, ಹವಾ ಕೂಡ ಹೀಗೆಯೇ ಖರ್ಚಾಗುತ್ತದೆ ಎಂದು ಅವರು ವಿವರಿಸಿದಾಗ ಮಾವನ ಪ್ರಶ್ನೆ ನೆನಪಾಯಿತು. ಇನ್ನೂ ನಾನು ಒಂದು ರೂಪಾಯಿ ಫೀಸು ಕೊಟ್ಟಿರಲಿಲ್ಲ.

ಆ ಶಾಲೆಯನ್ನೇ ಆರಿಸಿಕೊಂಡೆ. ಮೊದಲಿನ ಎರಡಕ್ಕಿಂತ ಅಲ್ಲಿ ಎರಡು ಸಾವಿರ ಹೆಚ್ಚು, ಬೆಳಗ್ಗೆ ಐದೂವರೆಯ ಪಾಳಿ ಬಿಟ್ಟರೆ ನನಗೆ ಬೇರೆ ಹೊತ್ತು ಸಿಗಲಿಲ್ಲ. ಪಾಳಿಯಲ್ಲಿ ನಾವು ಇಬ್ಬರೇ. ಜೊತೆಗಿದ್ದ ಹುಡುಗ ಐದನೇ ತರಗತಿಗೇ ಶಾಲೆ ಬಿಟ್ಟವನು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದುಹಾಕಿದ್ದರಿಂದ ಅವನಿಗೂ ದಾರಿಯಾಗಿತ್ತು. ರಿವರ್ಸ್ ಹಾಕುವುದರಲ್ಲಿ ಅವನು ನನಗಿಂತ ಎಷ್ಟೋ ಪಾಲು ಮುಂದಿದ್ದ.

ಈ ಶಾಲೆಗೂ ಒಂದು ಕೊರತೆಯಿತ್ತು. ಲಾರಿ ಯಾವಾಗಲೂ ಖಾಲಿ. ಖಾಲಿ ಗಾಡಿಯಲ್ಲಿ ಕಲಿತವನಿಗೆ ಲೋಡ್ ಗಾಡಿ ಬೇರೆಯದೇ ಪ್ರಾಣಿ ಎನ್ನುವುದನ್ನು ಮೇಷ್ಟ್ರೂ ಒಪ್ಪಿ, ಕೊನೆಯ ವಾರ ಎರಡು ದಿನ ಮರಳಿನ ಚೀಲಗಳನ್ನು ಹೇರಿಸಿದರು. ಘಾಟಿಗೆ ಕರೆದೊಯ್ಯುವುದು ಮಾತ್ರ ಅವರಿಂದಾಗಲಿಲ್ಲ. ಐದು ವರ್ಷ ಅವಧಿಯ ಲೈಸೆನ್ಸ್ ಕೈಗೆ ಬಂದು ಈಗ ಎರಡು ತಿಂಗಳು. ಮಾವ ಮೆಕ್ಕೆಜೋಳ ಹೇರಿಕೊಂಡು ಮಂಗಳೂರಿಗೆ ಹೊರಟಾಗ ಕ್ಲೀನರನಾಗಿ ಜೊತೆಗೆ ಹೋಗುತ್ತೇನೆ. ಸಕಲೇಶಪುರದವರೆಗೆ ಸ್ಟೇರಿಂಗ್ ನನ್ನ ಕೈಗೆ ಕೊಡುತ್ತಾರೆ. ಅಲ್ಲಿಂದ ಶಿರಾಡಿ ಘಾಟಿ ಇಳಿಯುವವರೆಗೆ ನಾನು ಎಡಗಡೆ ಸೀಟಿನಲ್ಲಿ ಕುಳಿತು, ಅವರು ಯಾವ ತಿರುವಿನಲ್ಲಿ ಎಷ್ಟನೇ ಗೇರಿಗೆ ಇಳಿಸುತ್ತಾರೆಂದು ನೋಡುತ್ತಿರುತ್ತೇನೆ.