ಜರಡಿ ಮೇಷ್ಟ್ರು ಮತ್ತು ಗುಂಟೂರು ಮೆಣಸಿನಕಾಯಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಳೆಯ ಗೆಳೆಯನ ಫೋನ್ ಬಂತು. "ಜರಡಿ ಮೇಷ್ಟ್ರು ಹೋಗ್ಬಿಟ್ರು ಕಣೋ" ಅಂದ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಅವರು ನಮಗೆ ಭೂವಿಜ್ಞಾನ ಕಲಿಸಿದವರು. ಜರಡಿ ಮೇಷ್ಟ್ರು ಅನ್ನೋ ಹೆಸರು ನಾವಿಟ್ಟದ್ದಲ್ಲ, ನಮಗಿಂತ ಮುಂಚಿನ ಬ್ಯಾಚಿನವರಿಂದ ಬಂದದ್ದು. ಪ್ರಾಕ್ಟಿಕಲ್ ದಿನ ಅವರ ಕೈಯಲ್ಲಿ ಹಿತ್ತಾಳೆ ಚೌಕಟ್ಟಿನ ಒಂದು ಜರಡಿ ಇದ್ದೇ ಇರುತ್ತಿತ್ತು. 200 ಮೆಷ್. ಅದರ ಒಂದೊಂದು ತೂತು 75 ಮೈಕ್ರಾನ್, ಹೆಚ್ಚು ಕಡಿಮೆ ತಲೆಕೂದಲಿನ ದಪ್ಪ. ನಾವು ಅರೆದ ಕಲ್ಲಿನ ಪುಡಿ ಅದರಲ್ಲಿ ಪೂರ್ತಿ ಇಳಿಯುವವರೆಗೂ ಯಾರಿಗೂ ಮನೆಗೆ ಹೋಗಲು ಬಿಡುತ್ತಿರಲಿಲ್ಲ.

ಮೂರು ವರ್ಷದ ಬಿ.ಎಸ್ಸಿ.ಯಲ್ಲಿ ಓದಿದ್ದರಲ್ಲಿ ಎಷ್ಟೋ ಮರೆತಿದ್ದೇನೆ. ಪಳೆಯುಳಿಕೆಗಳ ಉದ್ದುದ್ದ ಹೆಸರಂತೂ ಒಂದೂ ನೆನಪಿಲ್ಲ. ಆದರೆ ವಿಭಾಗದ ಹಿಂದಿನ ಶೀಟಿನ ಶೆಡ್ಡು, ಅಲ್ಲಿನ ಯಂತ್ರಗಳ ಸದ್ದು ಈಗಲೂ ಕಿವಿಯಲ್ಲಿದೆ. ಬಾಗಿಲ ಪಕ್ಕದಲ್ಲೇ ಜಾ ಕ್ರಷರ್. ಎರಡು ಕಬ್ಬಿಣದ ದವಡೆ. ಒಂದು ಅಲುಗಾಡಲ್ಲ, ಇನ್ನೊಂದು ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಮೇಲಿನಿಂದ ಮುಷ್ಟಿ ಗಾತ್ರದ ಕಲ್ಲು ಹಾಕಿದರೆ ಕೆಳಗೆ ಕಡಲೆಕಾಳಿನಷ್ಟಾಗಿ ಬೀಳುತ್ತಿತ್ತು. ನಮಗೆ ಅದೇ ದೊಡ್ಡ ತಮಾಷೆ.

"ಕಲ್ಲು ಬಗ್ಗಲ್ಲ ಕಣ್ರಪ್ಪಾ, ಬಿರಿಯುತ್ತೆ" ಅನ್ನುತ್ತಿದ್ದರು ಮೇಷ್ಟ್ರು. "ಅದರೊಳಗೆ ಮೊದಲೇ ಸಣ್ಣ ಸಣ್ಣ ಬಿರುಕು ಇರುತ್ತೆ. ನೀವು ಒತ್ತಿದರೆ ಸಾಕು, ಅದೇ ದಾರಿ ಹುಡುಕ್ಕೊಳ್ಳುತ್ತೆ. ಚೂರು ಚಿಕ್ಕದಾದ ಹಾಗೆ ಬಿರುಕೂ ಕಮ್ಮಿಯಾಗುತ್ತೆ. ಆಗ ಅದು ನಿಮ್ಮ ಮಾತು ಕೇಳಲ್ಲ." ಅದು ನಿಜ. ಕಲ್ಲನ್ನು ಕಡಲೆಕಾಳು ಮಾಡೋದಕ್ಕೆ ಎರಡು ನಿಮಿಷ, ಆ ಕಾಳನ್ನು ಹಿಟ್ಟು ಮಾಡೋದಕ್ಕೆ ಅರ್ಧ ದಿನ.

ಜಲ್ಲಿಯನ್ನು ರೆಗ್ಜಿನ್ ಮೇಲೆ ಗೋಪುರದ ಹಾಗೆ ರಾಶಿ ಹಾಕಬೇಕು. ತಲೆ ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಬದಿಗಿಡಬೇಕು. ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ಕೊನೆಗೆ ಒಂದು ಹಿಡಿ ಉಳಿಯುತ್ತದೆ. ಇಡೀ ಮೂಟೆಯ ಗುಣ ಆ ಒಂದು ಹಿಡಿಯಲ್ಲಿರಬೇಕು. ಅದನ್ನು ಬಾಲ್ ಮಿಲ್ಲಿಗೆ ಹಾಕುತ್ತಿದ್ದೆವು.

ಬಾಲ್ ಮಿಲ್ ಅಂದರೆ ಸುಮಾರು 20 ಸೆಂಟಿಮೀಟರ್ ಅಗಲದ ಪಿಂಗಾಣಿ ಜಾಡಿ, ಒಳಗೆ ಅರ್ಧದಷ್ಟು ಪಿಂಗಾಣಿ ಗುಂಡು. ಜಾಡಿ ನಿಮಿಷಕ್ಕೆ 100 ಸುತ್ತು ದಾಟಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಜೊತೆಗೇ ಸುತ್ತುತ್ತವೆ, ಏನೂ ಅರೆಯಲ್ಲ. ತೀರಾ ನಿಧಾನವಾದರೆ ತಳದಲ್ಲೇ ಉರುಳಾಡುತ್ತವೆ. 70ರ ಆಸುಪಾಸಿನಲ್ಲಿ ಗುಂಡು ಮೇಲೇರಿ ಧಬಧಬ ಬೀಳುತ್ತದೆ. ಮೇಷ್ಟ್ರು ಮೀಟರ್ ನೋಡುತ್ತಿರಲಿಲ್ಲ. ಪಕ್ಕದ ರೂಮಿನಲ್ಲಿ ಪಾಠ ಮಾಡುತ್ತಾ ಅಲ್ಲಿಂದಲೇ "ಬೆಲ್ಟ್ ಸಡಿಲ ಆಗಿದೆ ನೋಡ್ರೋ" ಅಂತ ಕೂಗುತ್ತಿದ್ದರು. ಹೋಗಿ ನೋಡಿದರೆ ಆಗಿರುತ್ತಿತ್ತು.

ಒಂದು ಸಲ ನಮ್ಮನ್ನು ಲಾಲ್‌ಬಾಗಿನ ಬಂಡೆಗೆ ಕರೆದುಕೊಂಡು ಹೋಗಿದ್ದರು, ಕೆಂಪೇಗೌಡರ ಗೋಪುರ ಇದೆಯಲ್ಲ, ಅಲ್ಲಿಗೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅಂತ ಹೆಸರಿಟ್ಟರು. "ಸುತ್ತಿಗೆ ಬ್ಯಾಗಿನಲ್ಲೇ ಇರಲಿ, ಇಲ್ಲಿ ಕಣ್ಣಲ್ಲಿ ನೋಡೋದು ಅಷ್ಟೇ" ಅಂದರು ಮೇಷ್ಟ್ರು. ನಮ್ಮ ಪ್ರಯೋಗಕ್ಕೆ ಅದೇ ಜಾತಿಯ ಕಲ್ಲನ್ನು ಬಸವನಗುಡಿಯಲ್ಲಿ ಯಾರೋ ಮನೆ ಪಾಯ ತೋಡಿದ ಕಡೆಯಿಂದ ತಂದೆವು.

ಅದನ್ನು ಅರೆಯುವಾಗಲೇ ನಾನು ಒಂದು ತಪ್ಪು ಮಾಡಿದೆ. ಆ ಕಲ್ಲಿನಲ್ಲಿ ಕಪ್ಪು ಅಭ್ರಕ ಇರುತ್ತದೆ. ಬೆಣಚು ಬೇಗ ಪುಡಿಯಾಗುತ್ತದೆ, ಅಭ್ರಕ ಹಾಳೆ ಹಾಳೆಯಾಗಿ ಜರಡಿ ಮೇಲೇ ಉಳಿಯುತ್ತದೆ. ಹೊತ್ತಾಗಿತ್ತು. ಉಳಿದ ಚಿಟಿಕೆಯನ್ನು ಕಿಟಕಿಯಾಚೆ ಊದಿಬಿಟ್ಟೆ. ಮೇಷ್ಟ್ರು ನೋಡಿದರು. ಬೈಯಲಿಲ್ಲ. ಕೋಲಾರದಿಂದ ತಂದಿಟ್ಟಿದ್ದ ಅದಿರಿನ ಪುಡಿ ಸ್ವಲ್ಪ ತೆಗೆದು ಜರಡಿ ಹಿಡಿದರು. ಎಲ್ಲಾ ಇಳಿದ ಮೇಲೆ ತಂತಿಬಲೆಯ ಮೇಲೆ ಒಂದು ಚೂರು ಮಿನುಗುತ್ತಿತ್ತು. ಸಾಸಿವೆ ಸಿಪ್ಪೆಯಷ್ಟೂ ಇಲ್ಲ. "ಚಿನ್ನ ಒಡೆಯಲ್ಲ ಮಗು, ತಟ್ಟಿದರೆ ಚಪ್ಪಟೆಯಾಗುತ್ತೆ. ಅದಕ್ಕೇ ಮೇಲೆ ಉಳಿಯೋದು. ಈಗ ಊದು ನೋಡೋಣ" ಅಂದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಇನ್ನು ಮೆಣಸಿನಕಾಯಿ ವಿಷಯ. ಆವತ್ತು ಮೇಷ್ಟ್ರು ರಜ. ನಮ್ಮ ಗೆಳೆಯನೊಬ್ಬನ ಅಮ್ಮ ಊರಿಂದ ಒಣಮೆಣಸಿನಕಾಯಿ ಕಳಿಸಿದ್ದರು. ಗುಂಟೂರಿನದು. ಹಾಸ್ಟೆಲ್ಲಿನ ಸಪ್ಪೆ ಸಾರಿಗೆ ಖಾರದಪುಡಿ ಬೇಕು, ಮಿಲ್ಲಿಗೆ ಹೋದರೆ ಕಾಸು ಕೊಡಬೇಕು. ನಮ್ಮದೇ ಮಿಲ್ ಇದೆಯಲ್ಲ ಅಂತ ಹೊಳೆದದ್ದು ನನಗೇ. ಕಲ್ಲು ಒಣಗಿಸುವ ಓವನ್ನಿನಲ್ಲಿ 105 ಡಿಗ್ರಿಗೆ ಇಟ್ಟೆವು. ಹಪ್ಪಳದ ಹಾಗೆ ಗರಿಗರಿಯಾಯಿತು. ಜಾಡಿಗೆ ತುಂಬಿ ಒಂದು ಗಂಟೆ ತಿರುಗಿಸಿದೆವು. ಪುಡಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಮುಚ್ಚಳ ತೆಗೆದ ಕೂಡಲೇ ಅರ್ಧ ಜಾಡಿ ಗಾಳಿಯಲ್ಲಿತ್ತು. ಆ ಘಾಟಿಗೆ ಶೆಡ್ಡಿನಲ್ಲಿದ್ದ ಆರೂ ಜನ ಕಣ್ಣು ಮುಚ್ಚಿಕೊಂಡು ಹೊರಗೆ ಓಡಿದೆವು. ಮೇಲಿನ ಮಹಡಿಯ ಕ್ಲಾಸು ಕೆಮ್ಮುತ್ತಾ ಇಳಿದು ಬಂತು. ಸೀನಿ ಸೀನಿ ಅಟೆಂಡರ್ ಅಣ್ಣನ ಕನ್ನಡಕವೇ ಬಿದ್ದುಹೋಯಿತು.

ಮಾರನೇ ದಿನ ಮೇಷ್ಟ್ರು ಬಂದರು. ನಾವು ಉಳಿಸಿಕೊಂಡಿದ್ದ ಪುಡಿಯ ಪೊಟ್ಟಣ ಕೇಳಿ ತೆಗೆದುಕೊಂಡರು.

"ತಿಂದ್ರಾ?"

"ಇನ್ನೂ ಇಲ್ಲ ಸಾರ್."

"ಹೋದ ವಾರ ಈ ಜಾಡಿಯಲ್ಲಿ ಏನು ಅರೆದಿದ್ರಿ?"

ಗೆಲೀನಾ. ಸೀಸದ ಅದಿರು. ನಮ್ಮ ಮುಖ ಬಿಳುಚಿತು. ಮೇಷ್ಟ್ರೇ ಹಿತ್ತಲಲ್ಲಿ ಗುಂಡಿ ತೋಡಿಸಿ ಪುಡಿಯನ್ನು ಮುಚ್ಚಿಸಿದರು. ಆಮೇಲೆ ಬೆಣಚುಕಲ್ಲಿನ ಜಲ್ಲಿ ಕೊಟ್ಟು, ಅದನ್ನು ಜಾಡಿಯಲ್ಲಿ ಅರೆದು ಚೆಲ್ಲಿ, ಬ್ರಷ್ ಹಾಕಿ, ತೊಳೆದು ಒಣಗಿಸಿ ಅಂದರು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಮಾಡಬೇಕು, ಬೆಣಚಿನ ದೂಳು ಶ್ವಾಸಕೋಶಕ್ಕೆ ಇಳಿದರೆ ವಾಪಸ್ ಬರಲ್ಲ, ಕೋಲಾರದ ಗಣಿಯವರನ್ನು ಕೇಳಿ ಅಂದರು. ಮೊದಲ ಸಲದ ಬೆಣಚು ನಸುಗೆಂಪಾಗಿ ಬಂತು. ಎರಡನೇ ಸಲ ಬೆಳ್ಳಗೆ ಬಂತು, ಮೂಸಿದರೆ ಸೀನು. ಮೂರನೇ ಸಲಕ್ಕೆ ಸೀನೂ ಇಲ್ಲ. "ಮೆಣಸಿನಕಾಯಿ ಪಾಪ ಒಳ್ಳೇದು, ಇದ್ದೀನಿ ಅಂತ ಹೇಳುತ್ತೆ. ಸೀಸ ಹೇಳಲ್ಲ, ಕಬ್ಬಿಣ ಹೇಳಲ್ಲ" ಅಂದರು ಮೇಷ್ಟ್ರು.

ಈಗ ಪೀಣ್ಯದಲ್ಲಿ ನನ್ನದೇ ಟೆಸ್ಟಿಂಗ್ ಲ್ಯಾಬ್ ಇದೆ. ಅದಿರು, ಸಿಮೆಂಟಿನ ಕ್ಲಿಂಕರ್, ಗಾಜಿನ ಕಚ್ಚಾಮಾಲು ಎಲ್ಲಾ ಬರುತ್ತದೆ. ಬಟ್ಟಲಿನಲ್ಲಿ ಬಳೆಯನ್ನೂ ಬಿಲ್ಲೆಯನ್ನೂ ಕುಲುಕಿ ಅರೆಯುವ ರಿಂಗ್ ಮಿಲ್ ಇದೆ, ಎರಡು ಮೂರು ನಿಮಿಷದಲ್ಲಿ ಹಿಟ್ಟು ರೆಡಿ. ಕೋಬಾಲ್ಟ್ ಅಳೆಯಬೇಕಾದ ಮಾದರಿಯನ್ನು ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲಿಗೆ ಹಾಕಲು ನಾನು ಬಿಡಲ್ಲ, ಬಟ್ಟಲಿನಲ್ಲೇ ಕೋಬಾಲ್ಟ್ ಇರುತ್ತದೆ. ಕಬ್ಬಿಣ ಅಳೆಯುವುದನ್ನು ಉಕ್ಕಿನ ಬಟ್ಟಲಿಗೆ ಹಾಕಲ್ಲ. ನನ್ನ ಸಹಿ ಬಿದ್ದ ರಿಪೋರ್ಟ್ ಇವತ್ತಿನವರೆಗೂ ವಾಪಸ್ ಬಂದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಜಾಣರು. ಕಂಪ್ಯೂಟರಿನಲ್ಲಿ ಗ್ರಾಫ್ ಎಳೆಯೋದರಲ್ಲಿ ನನಗಿಂತ ಎಷ್ಟೋ ಮುಂದೆ. ಆದರೆ ಜರಡಿ ಹಿಡಿದೇ ಇಲ್ಲ ಅನ್ನುವವರೂ ಸಿಗುತ್ತಾರೆ. ಕಾಲೇಜಿನಲ್ಲಿ ಮಾದರಿಯನ್ನು ಹೊರಗೆ ಕಳಿಸಿ ಅಂಕಿ ತರಿಸಿಕೊಂಡರಂತೆ. ತಪ್ಪು ಅವರದಲ್ಲ. ಅರ್ಧ ದಿನ ಶೆಡ್ಡಿನಲ್ಲಿ ನಿಲ್ಲಿಸುವಷ್ಟು ಪುರುಸೊತ್ತು ಈಗಿನ ಟೈಮ್‌ಟೇಬಲ್ಲಿಗೆ ಇಲ್ಲ. ಅದೊಂದು ಬೇಜಾರು ನನಗೆ.

ಮೇಷ್ಟ್ರ ನೆನಪಿನ ಸಭೆಗೆ ಹಳಬರು ಸುಮಾರು ಜನ ಬಂದಿದ್ದರು. ಭಾಷಣ ಮುಗಿದ ಮೇಲೆ ನಾನೂ ಆ ಗೆಳೆಯನೂ ಹಿಂದಿನ ಶೆಡ್ಡಿಗೆ ಹೋದೆವು. ಬೀಗ ಇರಲಿಲ್ಲ. ಕ್ರಷರ್ ತುಕ್ಕು ಹಿಡಿದಿದೆ. ಮಿಲ್ಲಿಗೆ ಬೆಲ್ಟ್ ಇಲ್ಲ. ಪಿಂಗಾಣಿ ಜಾಡಿ ಮಾತ್ರ ಬೀರುವಿನಲ್ಲಿ ಮುಚ್ಚಳ ಹಾಕಿಕೊಂಡು ಹಾಗೇ ಕೂತಿತ್ತು. ಗೆಳೆಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ಮುಚ್ಚಳ ತಿರುಗಿಸಿದೆ, ಬಗ್ಗಿ ಮೂಸಿದೆ.

"ಬರುತ್ತಾ?" ಅಂದ.

"ಇಲ್ಲ" ಅಂದೆ. ಅವನೂ ಮೂಸಿ ನೋಡಿದ.