ಹಗ್ಗದ ಗೆರೆ

ಇವತ್ತು ಪಕ್ಕದ ಸೈಟಿನಲ್ಲಿ ಎರಡು ಗೂಟ ಹೊಡೆದು, ನಡುವೆ ಬಿಳಿ ದಾರ ಬಿಗಿದು ಕಟ್ಟಿದರು. ಗಾಳಿಗೆ ಸಣ್ಣಗೆ ನಡುಗುತ್ತಿತ್ತು. ಬರೀ ದಾರ. ಆಗಲೇ ಅದು ಗಡಿ.

ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಹಳೆಯ ಸುಮೇರ್ ನಾಡಿನ ಲಗಾಶ್, ಉಮ್ಮಾ ಎಂಬ ಊರುಗಳು ನೆನಪಾದವು. ಸುಮಾರು 4,500 ವರ್ಷಗಳ ಹಿಂದಿನ ಮಾತು. ಕಿಶ್‌ನ ರಾಜ ಮೆಸಿಲಿಮ್ ಈ ಎರಡು ಊರುಗಳ ನಡುವಿನ ಹೊಲವನ್ನು ಹಗ್ಗದಿಂದ ಅಳೆಸಿ ಗಡಿಕಲ್ಲು ನೆಡಿಸಿದ. ಸಮತಟ್ಟು ಬಯಲು, ಅಡ್ಡ ಬರೋಕೆ ಬೆಟ್ಟವಿಲ್ಲ. ಬಿಗಿದ ಹಗ್ಗ ನೆಟ್ಟಗೇ ಹೋಗುತ್ತದೆ, ಅಲ್ವಾ?

ಉಮ್ಮಾದ ದೊರೆ ಆ ಕಲ್ಲು ಕಿತ್ತು ಹಾಕಿದ. ಜಗಳ ತಲೆಮಾರುಗಟ್ಟಲೆ ನಡೆಯಿತು. ಲಗಾಶಿನ ದೊರೆ ಎನ್ಮೆತೆನ ಇದನ್ನೆಲ್ಲ ಮಣ್ಣಿನ ಶಂಕುವಿನ ಮೇಲೆ ಬರೆಸಿದ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ.

ನನಗೆ ಕಾಡುವುದು ಆ ಹಗ್ಗದ ಎರಡು ತುದಿ ಹಿಡಿದು ನಿಂತವರು. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದರೋ.

ಸಂಜೆ ನಮ್ಮ ದಾರದ ಮೇಲೊಂದು ಏರೋಪ್ಲೇನ್ ಚಿಟ್ಟೆ ಕೂತಿತ್ತು.